ಅಂಗನವಾಡಿ ಮುಚ್ಚಿದಾಗ ಕೇಳದೇ ಹೋದ ಸದ್ದು

ಕೊರೊನಾಕ್ಕೆ ದೇಶದಲ್ಲೇ ಮೊದಲು ಬಲಿಯಾದವರು ಕಲಬುರಗಿಯ ವೃದ್ಧರೊಬ್ಬರು, 2020ರ ಮಾರ್ಚ್‌ನಲ್ಲಿ. ಆ ತಿಂಗಳು ಮುಗಿಯುವುದರೊಳಗೆ ಅಂಗನವಾಡಿಗಳಿಗೆ ಬೀಗ ಬಿತ್ತು. ಮಕ್ಕಳ ಹೃದಯ ಚಿಕಿತ್ಸೆಗೆ ಪೆಟ್ಟು ಬೀಳತೊಡಗಿದ್ದು ಅಲ್ಲಿಂದ. ಆಪರೇಷನ್ ಥಿಯೇಟರಿನ ಮಾತು ಆಮೇಲಿನದು.

ಹುಮನಾಬಾದ್ ರಸ್ತೆಯ ಕಮಲಾಪುರದಂಥ ಊರಲ್ಲಿ ತೊಂದರೆ ಮೊದಲು ಕಾಣುವುದು ತಾಯಿಗೆ. ‘ಕೂಸು ಮೊಲಿ ಹಿಡೀವಲ್ದು’ ಎನ್ನುತ್ತಾಳೆ. ಎರಡು ಗುಟುಕಿಗೇ ಏದುಸಿರು, ಹಣೆ ತುಂಬ ಬೆವರು, ತೂಕ ಏರದು. ನೆಗಡಿ ಎಂದುಕೊಂಡರೆ ಕಥೆ ಅಲ್ಲಿಗೇ ನಿಂತಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳುವ ಅಸಹಜ ಸದ್ದು, ಅಂದರೆ ಮರ್ಮರವೇ, ಎಷ್ಟೋ ಮಕ್ಕಳನ್ನು ಎಕೋ ಪರೀಕ್ಷೆವರೆಗೆ ಒಯ್ಯುತ್ತದೆ.

ಹೃದಯದ ಕೆಳಕೋಣೆಗಳ ನಡುವೆ ದೊಡ್ಡ ತೂತಿದ್ದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶದತ್ತ ರಭಸದಿಂದ ಹರಿಯುತ್ತದೆ. ಅಲ್ಲಿಯ ರಕ್ತನಾಳಗಳು ಆ ಒತ್ತಡಕ್ಕೆ ದಪ್ಪಗಾಗುತ್ತ ಹೋಗಿ, ಕೊನೆಗೊಮ್ಮೆ ಹರಿವಿನ ದಿಕ್ಕೇ ತಿರುಗುತ್ತದೆ. ಆಮೇಲೆ ತೂತು ಮುಚ್ಚಹೊರಟರೆ ಜೀವಕ್ಕೇ ಅಪಾಯ. ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿದ ಕೂಸಿಗಂತೂ ಗಡುವು ಕೆಲವೇ ವಾರ. ಶ್ವಾಸಕೋಶದ ಒತ್ತಡ ಇಳಿದಂತೆ, ಅದಲುಬದಲಿನಿಂದ ಅತ್ತ ರಕ್ತ ತಳ್ಳುತ್ತಿರುವ ಎಡಕೋಣೆಯ ಸ್ನಾಯು ಸೊರಗುತ್ತದೆ. ತಡಮಾಡಿ ನಾಳ ಬದಲಿಸಿದರೆ ಇಡೀ ಮೈಗೆ ರಕ್ತ ತಳ್ಳುವ ಕಸುವು ಅದಕ್ಕಿರುವುದಿಲ್ಲ. ‘ತುರ್ತಲ್ಲದ ಆಪರೇಷನ್ ಮುಂದೂಡಿ’ ಎಂಬ ಕೊರೊನಾ ಕಾಲದ ಮಾತು ಮಂಡಿಚಿಪ್ಪಿಗೆ ಒಪ್ಪೀತು. ಮಗುವಿನ ಹೃದಯದಲ್ಲಿ ಇಂದು ತುರ್ತಲ್ಲದ್ದು ಆರು ತಿಂಗಳಲ್ಲಿ ಕೈಮೀರಬಹುದು.

ಕಲಬುರಗಿಯವರು ಆಪರೇಷನ್‌ಗೆ ಹೋಗಬೇಕೆಂದರೆ ಹೈದರಾಬಾದ್, ಸೊಲ್ಲಾಪುರ ಎರಡೂ ರಾಜ್ಯದ ಗಡಿಯಾಚೆ, ಬೆಂಗಳೂರು ರಾತ್ರಿಯಿಡೀ ಪ್ರಯಾಣದಷ್ಟು ದೂರ. ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲ, ರೈಲಿಲ್ಲ. ರಕ್ತದಾನ ಶಿಬಿರಗಳೂ ನಿಂತಿದ್ದವು. ದೇಶದ 24 ಮಕ್ಕಳ ಹೃದ್ರೋಗ ಕೇಂದ್ರಗಳ ಲೆಕ್ಕ ನೋಡಿದರೆ, 2020ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಶಸ್ತ್ರಚಿಕಿತ್ಸೆಗಳು ಹಿಂದಿನ ವರ್ಷಕ್ಕಿಂತ ಶೇ 73ರಷ್ಟು ಕುಸಿದಿದ್ದವು. ನಡೆದವುಗಳಲ್ಲಿ ತುರ್ತಿನವುಗಳ ಪಾಲು ಹೆಚ್ಚಿತು, ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣವೂ ಏರಿತು.

2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ದೂರದ ಸಮಸ್ಯೆ ಅಷ್ಟರಮಟ್ಟಿಗೆ ಇಳಿದೀತು, ಪತ್ತೆಯ ಸಮಸ್ಯೆ ಹಾಗೇ ಇದೆ. ತಮಾಷೆಯೆಂದರೆ, ಅದಕ್ಕೆ ಬೇಕಾದ ಸಾಧನವೊಂದನ್ನು ಮನೆಮನೆಗೆ ಪರಿಚಯಿಸಿದ್ದು ಕೊರೊನಾನೇ: ಪಲ್ಸ್ ಆಕ್ಸಿಮೀಟರ್. ಹೆರಿಗೆಯಾದ ಮರುದಿನ ಕೂಸಿನ ಬಲಗೈಗೂ ಪಾದಕ್ಕೂ, ಎಳೆಗೂಸಿಗೆ ಒಪ್ಪುವ ಸೆನ್ಸರ್ ಸುತ್ತಿ ನೋಡಿದರೆ ಸಾಕು. ರಕ್ತದ ಆಮ್ಲಜನಕ ಶೇ 95ಕ್ಕಿಂತ ಕೆಳಗಿದ್ದರೆ ಅನುಮಾನಿಸಬೇಕು, 90ಕ್ಕಿಂತ ಇಳಿದರೆ ತಡಮಾಡುವಂತಿಲ್ಲ. ಆದರೆ ಬರೀ ತೂತಿರುವ ಮಗು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಪಾಸಾಗಿಬಿಡುತ್ತದೆ. ಅದರ ಮರ್ಮರ ಎಷ್ಟೋ ಸಲ ಕೇಳತೊಡಗುವುದೇ ಕೆಲವು ವಾರಗಳ ನಂತರ, ಆಗ ತಾಯಿ ಮಗು ಇರುವುದು ಊರಲ್ಲಿ. ಮತ್ತೊಂದು ಲಾಕ್‌ಡೌನ್ ಬಂದರೆ ಸ್ಟೆತಾಸ್ಕೋಪ್ ಹಿಡಿದ ಆ ತಂಡದ ಜೀಪನ್ನು ಹಾಲಿನ ಗಾಡಿಯ ಜೊತೆ ಅಗತ್ಯ ಸೇವೆಗಳ ಪಟ್ಟಿಗೆ ಸೇರಿಸಬೇಕು.