ಒಂದೇ ಮನೆಯ ಎರಡು ಮೌನಗಳು

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲುಹಾದಿ ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಗುಡ್ಡಗಳ ನಡುವೆ ನುಸುಳುತ್ತದೆ. ಅಲ್ಲಿ ಕಾವಲು ನಿಂತಂತೆ ತಲೆಯೆತ್ತಿರುವುದೇ ನಮ್ಮ ಮಾಕಳಿದುರ್ಗ. ಅದೇ ಹಾದಿಯಲ್ಲಿ ಮುಂದಕ್ಕೆ ಹೋದರೆ ಗೌರಿಬಿದನೂರು, ಅದರಾಚೆಗೆ ವಿದುರಾಶ್ವತ್ಥ. ವಿದುರನು ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥವೃಕ್ಷ, ಅದರ ಸುತ್ತ ಸಾಲುಗಟ್ಟಿದ ನಾಗರಕಲ್ಲುಗಳು, ಚೈತ್ರಮಾಸದ ಜಾತ್ರೆ—ಇವುಗಳಿಂದ ಆ ಊರು ನಮ್ಮ ಕಡೆಯ ಮನೆಗಳಿಗೆ ಹರಕೆಯ ಊರು. 1938ರ ಏಪ್ರಿಲ್ 25ರಂದು ಅದು ನೆತ್ತರಿನ ಊರೂ ಆಯಿತು.

ಆ ತಿಂಗಳ ಮೊದಲ ಭಾಗದಲ್ಲಿಯೇ ಮದ್ದೂರಿನ ಬಳಿಯ ಶಿವಪುರದಲ್ಲಿ, ನಮ್ಮ ದೊಡ್ಡಬಳ್ಳಾಪುರದವರೇ ಆದ ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ, ಸಂಸ್ಥಾನದ ಕಟ್ಟಳೆಯನ್ನು ಮೀರಿ ಕಾಂಗ್ರೆಸ್ಸಿನ ಧ್ವಜವನ್ನು ಏರಿಸಲಾಗಿದ್ದಿತು. ಆ ಗಾಳಿ ವಿದುರಾಶ್ವತ್ಥಕ್ಕೂ ಬೀಸಿತು. ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸಾವಿರಾರು ಜನ ಅಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10 ಮಂದಿ. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಇಂದಿಗೂ ಅದನ್ನು ಕರೆಯುತ್ತಾರೆ.

ಆದರೆ ಈ ಹೋಲಿಕೆಯಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆಯಿತ್ತವನು ಪರದೇಶದ ಸೇನಾಧಿಕಾರಿ. ಇಲ್ಲಿ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮಹಾತ್ಮರೇ ಅವರ ನಾಡನ್ನು ರಾಮರಾಜ್ಯವೆಂದು ಕೊಂಡಾಡಿದ್ದರು. ಕೋವಿ ಹಿಡಿದವರು ಮೈಸೂರಿನ ಪೊಲೀಸರು. ಗುಂಡಿನ ಎರಡು ತುದಿಗಳಲ್ಲಿಯೂ ನಿಂತಿದ್ದವರು ನಮ್ಮವರೇ.

ನಮ್ಮ ಮನೆಯಲ್ಲಿ ಇದು ಬರಿಯ ವಿಚಾರವಾಗಿರಲಿಲ್ಲ. ನನ್ನ ತಾತನವರು ಖಾದಿ ತೊಟ್ಟವರು. ಅಂದು ಹತ್ತು ವರ್ಷದ ಮಗಳನ್ನು ಕರೆದುಕೊಂಡು ವಿದುರಾಶ್ವತ್ಥಕ್ಕೆ ಹೋಗಿದ್ದರು. ಅವರ ತಮ್ಮ, ನನ್ನ ಚಿಕ್ಕತಾತ, ಸಂಸ್ಥಾನದ ಪೊಲೀಸ್ ಪೇದೆ. ಆ ದಿನ ಬೇರೊಂದು ಊರಿನಲ್ಲಿ ಪಹರೆಯಲ್ಲಿದ್ದರು. ಅಲ್ಲಿರಲಿಲ್ಲವೆಂಬುದನ್ನು ಅವರು ಯಾರ ಮುಂದೆಯೂ ಸಮರ್ಥನೆಯಾಗಿ ಹೇಳಿಕೊಳ್ಳಲಿಲ್ಲ. ಇವರೂ ಕೇಳಲಿಲ್ಲ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು, ಒಂದೇ ಹೊಲದ ಬೆಳೆ ಹಂಚಿಕೊಂಡರು. ವಿದುರಾಶ್ವತ್ಥದ ಹೆಸರನ್ನು ಮಾತ್ರ ಕಡೆಯವರೆಗೂ ಎತ್ತಲಿಲ್ಲ. ನಡುಮನೆಯ ಗೋಡೆಯ ಮೇಲೆ ಮಹಾರಾಜರ ಪಟವೂ ಗಾಂಧೀಜಿಯವರ ಪಟವೂ ಪಕ್ಕಪಕ್ಕದಲ್ಲಿಯೇ ಇದ್ದವು.

ಆ ಮೌನ ಮುರಿದದ್ದು 1988ರಲ್ಲಿ, ಐವತ್ತು ವರ್ಷಗಳು ತುಂಬಿದಾಗ. ಇಬ್ಬರು ಹಿರಿಯರೂ ಆ ವೇಳೆಗೆ ತೀರಿಕೊಂಡಿದ್ದರು. ಸಂಜೆ ಜಗಲಿಯ ಮೇಲೆ ಮನೆಮಂದಿಯೆಲ್ಲ ಸೇರಿದ್ದೆವು. ಅಂದಿನ ಹತ್ತು ವರ್ಷದ ಹುಡುಗಿ, ನನ್ನ ಸೋದರತ್ತೆ, ಮೊದಲ ಬಾರಿಗೆ ಬಾಯಿಬಿಟ್ಟರು. ಗುಂಡಿನ ಸದ್ದನ್ನು ಜಾತ್ರೆಯ ಪಟಾಕಿಯೆಂದು ತಿಳಿದುದು. ತಂದೆ ಕೈ ಬಿಡದೆ ಎಳೆದುಕೊಂಡು ಓಡಿದುದು. ಕೈಯಲ್ಲಿದ್ದ ಬಳೆಗಳೆಲ್ಲ ಒಡೆದು ಹೋದುದು. ಆಕೆಗೆ ಸತ್ತವರ ಸಂಖ್ಯೆ ನೆನಪಿರಲಿಲ್ಲ. ಬಳೆಗಳ ಬಣ್ಣ ನೆನಪಿದ್ದಿತು.

ನನ್ನ ತಂದೆ, “ಇಂಥ ದಿನ ಚಿಕ್ಕಪ್ಪನ ಮಾತು ಬೇಡ ಅಕ್ಕಾ, ಸತ್ತವರನ್ನು ನೆನೆದರೆ ಸಾಕು” ಎಂದರು.

ಅತ್ತೆ ಒಪ್ಪಲಿಲ್ಲ. “ಸತ್ತೋರೂ ನಮ್ಮೋರೇ ಕಣೋ, ಬಂದೂಕ ಹಿಡಿದೋರೂ ನಮ್ಮೋರೇ. ಆ ದಿನದಿಂದ ಚಿಕ್ಕಪ್ಪ ಜಾತ್ರೆಗೆ ಹೋಗಿದ್ದು ನೀನು ಕಂಡಿದ್ದೀಯಾ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಕಂಡವರು ಯಾರೂ ಇರಲಿಲ್ಲ.

ಚರಿತ್ರೆ ತನ್ನ ಲೆಕ್ಕವನ್ನು ಚೊಕ್ಕಟವಾಗಿ ಬರೆದಿದೆ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದವಾಗಿ, ಕಾಂಗ್ರೆಸ್ಸಿನ ಧ್ವಜ ಸಂಸ್ಥಾನದ ಧ್ವಜದೊಡನೆ ಹಾರಬಹುದೆಂದಾಯಿತು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿತು. ಒಂಬತ್ತು ವರ್ಷಗಳ ಬಳಿಕ, 1947ರ ಅಕ್ಟೋಬರಿನಲ್ಲಿ, ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. ಸಂಸ್ಥಾನದ ಮಟ್ಟಿಗೆ ಜಗಳ ತೀರಿತು. ಆದರೆ ಇಂಥ ಒಪ್ಪಂದವನ್ನು ಮನೆಗಳಿಗೆ ಯಾರು ಬರೆದುಕೊಡಬೇಕು? ಅಣ್ಣನ ದುಃಖಕ್ಕೂ ತಮ್ಮನ ನಾಚಿಕೆಗೂ ಸಹಿ ಹಾಕಿಸುವ ದಿವಾನರು ಯಾರಿದ್ದರು?

ದೇಶದ ದುರಂತವನ್ನು ನೆನೆಯುವುದೆಂದರೆ ಸತ್ತವರ ಹೆಸರನ್ನು ಗೌರವದಿಂದ ಓದುವುದು. ಅದು ಮೊದಲನೆಯ ಕರ್ತವ್ಯ. ವಿದುರಾಶ್ವತ್ಥದ ಸ್ಮಾರಕ ಆ ಕೆಲಸವನ್ನು ಮಾಡುತ್ತಿದೆ. ಎರಡನೆಯದು ಇನ್ನೂ ಕಠಿಣವಾದುದು: ಆಜ್ಞೆಯ ಅಡಿಯಲ್ಲಿ ನಿಂತ ಕೈಯೂ ನಮ್ಮಂಥದೊಂದು ಮನೆಯಿಂದಲೇ ಬಂದಿತ್ತೆಂಬುದನ್ನು ಮಕ್ಕಳಿಗೆ ಹೇಳುವುದು. ಅದು ಆ ಕೈಯನ್ನು ಕ್ಷಮಿಸಲೆಂದಲ್ಲ. ನಾಳೆ ತಮ್ಮ ಕೈ ಯಾವ ಆಜ್ಞೆಗೆ ಏಳಬೇಕು, ಯಾವುದಕ್ಕೆ ಏಳಬಾರದು ಎಂಬುದನ್ನು ಅವರು ಮುಂಚೆಯೇ ಯೋಚಿಸಲೆಂದು.

ಹಳೆಯ ಅಶ್ವತ್ಥ 2001ರಲ್ಲಿ ಉರುಳಿತು. ಅತ್ತೆಯೂ ಈಗ ಇಲ್ಲ. ಏಪ್ರಿಲ್ 25 ಬಂದಾಗ ನಮ್ಮ ಮನೆಯಲ್ಲಿ ಈಗ ಇಬ್ಬರು ತಾತಂದಿರ ಹೆಸರನ್ನೂ ಹೇಳುತ್ತೇವೆ.