ದಿನಗಳ ಲೆಕ್ಕದ ಆಸ್ಪತ್ರೆ ವಿಮೆ

ಆಯುಷ್ಮಾನ್ ಭಾರತ್ ಯೋಜನೆಯು ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯೆಂದು ಹಣದ ಮಿತಿಯನ್ನು ಹಾಕಿದರೆ, ಅಮೆರಿಕ ಸರ್ಕಾರವು 65 ವರ್ಷ ತುಂಬಿದವರಿಗಾಗಿ ನಡೆಸುವ ಮೂಲ ಮೆಡಿಕೇರ್ ವಿಮೆಯ ‘ಎ’ ಭಾಗ, ಅಂದರೆ ಆಸ್ಪತ್ರೆ ವಾಸದ ವೆಚ್ಚ ಭರಿಸುವ ಭಾಗವು, ದಿನಗಳಿಗೆ ಮಿತಿ ಹಾಕುತ್ತದೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಈ ವಿಮೆಗಾಗಿ ನೌಕರರ ಸಂಬಳದಿಂದ ಶೇ 1.45ರಷ್ಟು ತೆರಿಗೆ ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಸೇರಿಸುತ್ತಾರೆ. ತಾವಾಗಲಿ ಬಾಳಸಂಗಾತಿಯಾಗಲಿ ಸುಮಾರು 10 ವರ್ಷ ಹೀಗೆ ತೆರಿಗೆ ಕಟ್ಟಿದವರಿಗೆ ಮಾಸಿಕ ಕಂತಿಲ್ಲ.

ಕಂತಿಲ್ಲವೆಂದ ಮಾತ್ರಕ್ಕೆ ಚಿಕಿತ್ಸೆ ಪುಕ್ಕಟೆಯೇನಲ್ಲ. ಒಳರೋಗಿಯಾಗಿ ದಾಖಲಾದ ದಿನ ‘ಸೌಲಭ್ಯದ ಅವಧಿ’ ಆರಂಭವಾಗುತ್ತದೆ. 2025ರ ದರದಂತೆ ಮೊದಲ 1,676 ಡಾಲರನ್ನು ರೋಗಿಯೇ ಭರಿಸಿದರೆ 60ನೇ ದಿನದವರೆಗಿನ ಆಸ್ಪತ್ರೆ ವೆಚ್ಚ ವಿಮೆಯದು (ವೈದ್ಯರ ಶುಲ್ಕ ‘ಬಿ’ ಭಾಗಕ್ಕೆ ಸೇರಿದ್ದು), ಅಲ್ಲಿಂದ 90ನೇ ದಿನದವರೆಗೆ ದಿನಕ್ಕೆ 419 ಡಾಲರ್ ರೋಗಿಯ ಪಾಲು, ಅದನ್ನೂ ದಾಟಿದರೆ ಇಡೀ ಜೀವಮಾನಕ್ಕೆ ಸಿಗುವ 60 ಮೀಸಲು ದಿನಗಳನ್ನು ದಿನಕ್ಕೆ 838 ಡಾಲರ್ ತೆತ್ತು ಖರ್ಚು ಮಾಡಬೇಕು. ಆಸ್ಪತ್ರೆಯ ಆರೈಕೆಯಿಲ್ಲದೆ ಸತತ 60 ದಿನ ಕಳೆದರೆ ಅವಧಿ ಮುಗಿಯುವುದರಿಂದ, ಮನೆಗೆ ಮರಳಿದ 40 ದಿನಗಳಲ್ಲಿ ಮತ್ತೆ ದಾಖಲಾದವರು ಆ ಮೊದಲ ಮೊತ್ತವನ್ನು ಪುನಃ ಕಟ್ಟಬೇಕಿಲ್ಲ. 70 ದಿನಗಳ ಬಳಿಕ ದಾಖಲಾದವರು ಅದೇ ವರ್ಷವಾದರೂ ಕಟ್ಟಲೇಬೇಕು.

ಈ ವ್ಯವಸ್ಥೆಯಲ್ಲಿ ವೃದ್ಧರನ್ನು ಹೆಚ್ಚು ಕಂಗೆಡಿಸುವುದು ‘ನಿಗಾ’ ಎಂಬ ವರ್ಗ. ವಾರ್ಡಿನ ಹಾಸಿಗೆಯಲ್ಲಿ ರಾತ್ರಿ ಕಳೆದು ಔಷಧೋಪಚಾರ ಪಡೆದರೂ, ವೈದ್ಯರು ದಾಖಲಾತಿಯ ಆದೇಶ ಬರೆಯದಿದ್ದರೆ ಕಡತದಲ್ಲಿ ಆ ವ್ಯಕ್ತಿ ಹೊರರೋಗಿಯೇ. ಸೊಂಟದ ಮೂಳೆ ಮುರಿದವರಿಗೆ ಬೇಕಾಗುವಂಥ ಪರಿಣತ ಶುಶ್ರೂಷಾ ಕೇಂದ್ರದ ಆರೈಕೆಯನ್ನು ವಿಮೆಯು 100 ದಿನಗಳವರೆಗೆ, ಮೊದಲ 20 ದಿನ ಪೂರ್ತಿಯಾಗಿ, ಭರಿಸುತ್ತದೆಯಾದರೂ ಅದಕ್ಕೆ ಮುನ್ನ ಒಳರೋಗಿಯಾಗಿ ಸತತ 3 ದಿನ ಇದ್ದಿರಬೇಕು. ನಿಗಾದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ನಿಗಾ 24 ಗಂಟೆ ಮೀರಿದರೆ ಆಸ್ಪತ್ರೆ ಲಿಖಿತ ಸೂಚನೆ ಕೊಡಬೇಕೆಂಬ ನಿಯಮವೇನೋ ಇದೆ, ಆದರೆ ನೋವಿನಲ್ಲಿರುವ ಹಿರಿಯರು ಅದನ್ನು ಓದಿ ಅರ್ಥಮಾಡಿಕೊಳ್ಳುತ್ತಾರೆಂದು ನಂಬುವುದು ಕಷ್ಟ. ಸ್ನಾನ, ಊಟ, ಓಡಾಟಕ್ಕೆ ನೆರವಾಗುವ ದೀರ್ಘಕಾಲದ ಆರೈಕೆಯಷ್ಟೇ ಬೇಕಾದವರಿಗೆ ಈ ವಿಮೆಯಿಂದ ಏನೂ ದೊರೆಯದು.

ಮಕ್ಕಳೊಂದಿಗೆ ನೆಲೆಸಲು ಹೋಗುವ ಕನ್ನಡಿಗ ತಂದೆತಾಯಿಗೆ ಮಕ್ಕಳು ಕಟ್ಟಿದ ತೆರಿಗೆಯ ಆಧಾರದಲ್ಲಿ ಈ ಹಕ್ಕು ಬರುವುದಿಲ್ಲ. ಗ್ರೀನ್‌ಕಾರ್ಡ್ ಪಡೆದು ಸತತ 5 ವರ್ಷ ಅಲ್ಲಿ ವಾಸಿಸಿದ ಬಳಿಕ, ‘ಬಿ’ ಭಾಗಕ್ಕೂ ನೋಂದಾಯಿಸಿಕೊಂಡು, ‘ಎ’ ಭಾಗವನ್ನು ಕಂತು ಕಟ್ಟಿ ಕೊಳ್ಳಬಹುದು. ಅಲ್ಲಿ ದುಡಿದೇ ಇಲ್ಲದವರಿಗೆ 2025ರಲ್ಲಿ ಅದರ ಕಂತು ತಿಂಗಳಿಗೆ 518 ಡಾಲರ್. ಊರಿಗೆ ಬಂದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಪಡೆಯುವ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲವಾದ್ದರಿಂದ, ವರ್ಷದ ಕೆಲವು ತಿಂಗಳನ್ನು ಇಲ್ಲಿ ಕಳೆಯುವವರು ಭಾರತದಲ್ಲಿಯೂ ಪ್ರತ್ಯೇಕ ವಿಮೆ ಇಟ್ಟುಕೊಳ್ಳಬೇಕಾಗುತ್ತದೆ.