ಕ್ಲಚ್ಚಿನ ಹಿಡಿಯ ಬಿಗುವು

ಪ್ರಶ್ನೆ: ಮೋಟಾರ್ ಸೈಕಲ್ಲಿನ ಕ್ಲಚ್ ಹಿಡಿ ಬಿಗಿಯಾಗಿ ಬೆರಳು ನೋಯುತ್ತದೆ. ಕೇಬಲ್ ಸಡಿಲಿಸಿದರೆ ಹಗುರವಾದೀತೆ?
— ಓದುಗರೊಬ್ಬರು, ನಾಗಲದಿನ್ನೆ

ಉತ್ತರ: ಆಗದು. ತಟ್ಟೆಗಳನ್ನು ಒಂದಕ್ಕೊಂದು ಒತ್ತಿ ಹಿಡಿದ ಸ್ಪ್ರಿಂಗುಗಳ ಬಲವೂ ಕೇಬಲಿನೊಳಗಣ ಘರ್ಷಣೆಯೂ ಕೂಡಿ ಹಿಡಿಯ ಭಾರವಾಗುವುದಾದರೂ, ಸ್ಪ್ರಿಂಗಿನ ಬಲವು ಕಾಲಕ್ರಮೇಣ ಹೆಚ್ಚುವಂಥದಲ್ಲವಾದ್ದರಿಂದ, ದಿನೇ ದಿನೇ ಬಿಗಿಯುತ್ತ ಬಂದ ಹಿಡಿಯಲ್ಲಿ ದೋಷವು ಬಹುಮಟ್ಟಿಗೆ ಕೇಬಲಿನದೇ. ತುಂಗಭದ್ರೆಯ ದಡದ ನಿಮ್ಮ ಎರೆಸೀಮೆಯ ಧೂಳು ಕವಚದೊಳಗೆ ಸೇರಿ ಎಣ್ಣೆಯನ್ನು ಹೀರಿಬಿಡುತ್ತದೆ. ಮೊದಲು ಕೇಬಲನ್ನು ಕಳಚಿ ಎಣ್ಣೆಯೂಡಿಸಿರಿ. ಒಳಗಿನ ಎಳೆಯೊಂದು ಹರಿದಿದ್ದರೂ ಹೊಸದನ್ನೇ ಹಾಕಿಸತಕ್ಕದ್ದು.

ಸಡಿಲಿಕೆಯ ಪ್ರಯೋಜನ ಬೇರೆ. ಹಿಡಿಯ ತುದಿಯು ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರಿನಷ್ಟು ಬರಿದೇ ಆಡಿದ ಬಳಿಕವೇ ಕ್ಲಚ್ಚು ಎಳೆಯಲ್ಪಡಬೇಕು. ನಿಮ್ಮ ವಾಹನದ ಖಚಿತ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಈ ಆಟ ಇಲ್ಲವಾದರೆ ತಟ್ಟೆಗಳು ಪೂರ್ಣವಾಗಿ ಕೂಡದೆ ಜಾರಿ ಸವೆಯುವುವು. ಅತಿಯಾದರೆ ಪೂರ್ಣವಾಗಿ ಅಗಲದೆ ಗೇರು ಕರಕರನೆ ಬೀಳುವುದು. ಹಿಡಿಯ ಬುಡದ ಲಾಕ್ ನಟ್ಟನ್ನು ಸಡಿಲಿಸಿ, ಹೊಂದಿಸುವ ತಿರುಪನ್ನು ತುಸು ತುಸುವೇ ತಿರುಗಿಸಿ, ನಟ್ಟನ್ನು ಮರಳಿ ಬಿಗಿಯಿರಿ. ಅಲ್ಲಿ ಮರೆ ಮುಗಿದಿದ್ದರೆ ಎಂಜಿನ್ನಿನ ಬಳಿಯ ತಿರುಪಿನಲ್ಲಿ ಹೊಂದಿಸಿರಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ವಾಹನಗಳ ವಿಶೇಷವೊಂದನ್ನು ಇಲ್ಲಿ ಹೇಳಲೇಬೇಕು: ಅವುಗಳಲ್ಲಿ ಗೇರಿನ ಸನ್ನೆಯನ್ನು ತುಳಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತಿದ್ದುದರಿಂದ, ಓಟದ ನಡುವೆ ಗೇರು ಬದಲಿಸಲು ಕೈಯ ಹಿಡಿಯೇ ಬೇಕಾಗುತ್ತಿರಲಿಲ್ಲ.